ತೆಲಿಗಿ ಪಾಲಾಕ್ಷಪ್ಪನ ತೊಟ್ಟಿಲು ಗಾಡಿ

"ಮೊದಲು ವಾಸನಿ ಬರತೈತಿ, ಆಮೇಲೆ ಸಪ್ಪಳ, ಕಡೀಗೆ ಪಾಲಾಕ್ಷಪ್ಪ." ತೆಲಿಗಿಯ ಓಣಿಯಲ್ಲಿ ಅವನ ಬಗ್ಗೆ ಜನ ಹೀಗೆ ಹೇಳುತ್ತಿದ್ದರು. ಎದುರುಮನೆಯ ಮಾಳಮ್ಮ ಅಷ್ಟಕ್ಕೇ ಬಿಡುವವಳಲ್ಲ. "ಅವನು ಹೋಗತಾನ, ಸಪ್ಪಳಾನೂ ಹೋಗತೈತಿ. ವಾಸನಿ ಮಾತ್ರ ಬೀಗರಂಗ ನಮ್ಮ ಮನ್ಯಾಗ ಉಳಕೊಂತೈತಿ ನೋಡ್ರಿ" ಎಂದು ಸೆರಗನ್ನು ಮೂಗಿಗೆ ಹಿಡಿದು ಬಾಗಿಲು ಹಾಕಿಕೊಳ್ಳುವಳು.

ವಾಸನೆ ಕುರಿಯದು. ಸಪ್ಪಳ ಗಾಡಿಯದು. ಇವೆರಡೂ ಯಾಕೆ ಒಟ್ಟಿಗೆ ಬರುತ್ತಿದ್ದವು ಎಂಬುದನ್ನು ಮೊದಲು ಹೇಳಬೇಕು.

ಪಾಲಾಕ್ಷಪ್ಪ ಕುರಿ ಕಾಯುವ ಮನೆತನದವನು. ಸುಗ್ಗಿ ಮುಗಿದ ಹೊಲಗಳಲ್ಲಿ ಮಂದೆ ನಿಲ್ಲಿಸುವುದು, ರಾತ್ರಿ ಕುರಿ ಹಾಕಿದ ಗೊಬ್ಬರಕ್ಕೆ ಹೊಲದವರು ಕೊಡುವ ಕಾಳು ತಂದು ಉಣ್ಣುವುದು, ಇದು ಅವನ ಬದುಕು. ಒಂದು ವರ್ಷ ಕೊಟ್ಟೂರಿನ ಹತ್ತಿ ಜಿನ್ನಿನ ಸಾಹುಕಾರರ ಹೊಲದಲ್ಲಿ ಮಂದೆ ನಿಲ್ಲಿಸಿದ್ದ. ಜಿನ್ನಿನ ಹಿತ್ತಲಲ್ಲಿ, ಮುರಿದ ತಕ್ಕಡಿಗಳ ನಡುವೆ, ಒಂದು ಹಳೆಯ ಮೋಟರ್‌ಸೈಕಲ್ಲು ನಿಂತಿತ್ತು. ಎರಡನೇ ಮಹಾಯುದ್ಧದ ಕಾಲದ ಇಂಗ್ಲೆಂಡಿನ ನಾರ್ಟನ್. ಯುದ್ಧ ಮುಗಿದ ಮೇಲೆ ಮಿಲಿಟರಿಯವರ ಹರಾಜಿನಲ್ಲಿ ದೊಡ್ಡ ಸಾಹುಕಾರರು ಹಿಡಿದು ತಂದದ್ದು. ಅವರು ತೀರಿಕೊಂಡ ಮೇಲೆ ಮಕ್ಕಳು ಜೀಪು ತಂದರು, ಇದನ್ನು ಮರೆತರು. ಗಾಡಿಯ ಎಡಪಕ್ಕಕ್ಕೆ ಇನ್ನೊಂದು ಗಾಲಿಯ ಮೇಲೆ ಕೂತ ತಗಡಿನ ಡಬ್ಬಿ, ಸೈಡ್‌ಕಾರ್ ಎನ್ನುತ್ತಾರಲ್ಲ, ಅದೂ ಇತ್ತು. ಪಾಲಾಕ್ಷಪ್ಪ ಡಬ್ಬಿಯೊಳಗೆ ಇಣುಕಿದ. ಕೈಯಿಂದ ಅಗಲ ನೋಡಿದ.

"ಈ ಸಲ ಕಾಳು ಬ್ಯಾಡ್ರಿ ಸಾವ್ಕಾರ್ರ. ಇದನ್ನ ಕೊಡ್ರಿ."

"ಅದರಾಗ ಏನು ತುಂಬತೀಯೋ ಮಾರಾಯ?"

"ಮರಿ ತುಂಬತೀನ್ರಿ."

ಕುರಿ ಕಾಯುವವರ ದೊಡ್ಡ ಕಷ್ಟ ಇರುವುದೇ ಅಲ್ಲಿ. ಮಂದೆ ನಡೆಯುತ್ತಿರುವಾಗಲೇ ಕುರಿ ಈಯುತ್ತವೆ. ಹುಟ್ಟಿದ ಮರಿಗೆ ನಡೆಯಲು ಬಾರದು, ಮಂದೆ ನಿಲ್ಲುವಂತಿಲ್ಲ. ಹೆಗಲ ಮೇಲೆ ಎರಡು, ಕಂಬಳಿಯ ಜೋಳಿಗೆಯಲ್ಲಿ ಎರಡು, ಉಳಿದವು ಹಿಂದೆ ಬಿದ್ದರೆ ನರಿಯ ಪಾಲು. ಪಾಲಾಕ್ಷಪ್ಪ ಡಬ್ಬಿಯ ಮುರಿದ ಸೀಟು ಕಿತ್ತೆಸೆದು ತನ್ನಪ್ಪನ ಕಂಬಳಿ ಹಾಸಿದ. ಅಂದಿನಿಂದ ಅದು ಜನರ ಬಾಯಲ್ಲಿ ತೊಟ್ಟಿಲು ಗಾಡಿ.

ಅದಕ್ಕೊಂದು ವಿಶೇಷವಿತ್ತು. ಕಾಲ ಬಳಿಯ ಒಂದು ಸನ್ನೆಗೋಲು ಎಳೆದರೆ ಇಂಜಿನ್ನಿನ ಬಲ ಮೂರನೇ ಗಾಲಿಗೂ, ಅಂದರೆ ತೊಟ್ಟಿಲ ಗಾಲಿಗೂ, ಹೋಗುತ್ತಿತ್ತು. ಹಲವಾಗಲು ಊರಿನ ಕಡೆಯ ಹೊಳೆದಂಡೆಯ ಎರೆಮಣ್ಣು ಮಳೆ ಬಂದರೆ ಚಕ್ಕಡಿಯನ್ನೇ ಕಚ್ಚಿ ಹಿಡಿಯುತ್ತದೆ. ಅಲ್ಲಿ ಇವನು "ಮೂರನೇದು ಹಾಕಿದೆ" ಎನ್ನುತ್ತ ಗುಡುಗುಡು ದಾಟಿಹೋಗುವನು. ತೊಟ್ಟಿಲಿನಿಂದ ಮರಿಗಳ ತಲೆಗಳು ಇಣುಕುತ್ತಿರುವವು. ಸಂಜೆ ಮಂದೆ ತಂಗಿದ ಕಡೆ ಆ ಸಪ್ಪಳ ಕೇಳಿದರೆ ಸಾಕು, ತಾಯಿಕುರಿಗಳೆಲ್ಲ ಒದರುತ್ತ ಓಡಿಬಂದು ಗಾಡಿಗೆ ಮುತ್ತುತ್ತಿದ್ದವು. ಒಂದೊಂದೂ ಮೂಸಿ ಮೂಸಿ ತನ್ನದನ್ನೇ ಹುಡುಕಿ ಮೊಲೆ ಕೊಡುವುದು. ಅವನ ಹೆಂಡತಿ ಭರಮಮ್ಮ ಒಲೆ ಹೊತ್ತಿಸುವುದನ್ನೂ ಬಿಟ್ಟು ಅದನ್ನು ನೋಡುತ್ತ ನಿಲ್ಲುವಳು. ದಿನಾ ನೋಡಿದರೂ ನಿಲ್ಲುವಳು.

ಇಷ್ಟು ವರ್ಷ ಯಾರೂ ಅದನ್ನು ಅಪರೂಪದ್ದು ಅನ್ನಲಿಲ್ಲ. ಅನ್ನುವವರು ಬಂದದ್ದು ಎರಡು ಸಾವಿರದ ಮೂರರಲ್ಲಿ.

ಕರೆತಂದವನು ಪಾಲಾಕ್ಷಪ್ಪನ ತಂಗಿಯ ಮಗ ಕಾಂತೇಶ್. ದಾವಣಗೆರೆಯಲ್ಲಿ ಬೈಕಿನ ಬಿಡಿಭಾಗಗಳ ಅಂಗಡಿಯಲ್ಲಿ ಕೆಲಸಕ್ಕಿದ್ದ. ಅಲ್ಲಿಗೆ ಹಳೆಯ ಗಾಡಿಗಳ ಹುಚ್ಚಿನ ಒಂದು ಕ್ಲಬ್ಬಿನವರು ಬರುತ್ತಿದ್ದರು. ಅವರ ಮುಂದೆ ಬಾಯಿಬಿಟ್ಟಿದ್ದ. ಕಾರಿನಲ್ಲಿ ಬಂದ ಕ್ಲಬ್ಬಿನ ಸಾಹೇಬರು ಗಾಡಿಯ ಮುಂದೆ ಮೊಣಕಾಲೂರಿ ಕೂತೇಬಿಟ್ಟರು. ಮೂರನೇ ಗಾಲಿಯ ಸನ್ನೆಗೋಲನ್ನು ಮುಟ್ಟಿ ಮುಟ್ಟಿ ನೋಡಿದರು. "ಯಜಮಾನ್ರೇ, ಇಂಥದ್ದು ದೇಶದಲ್ಲೇ ಬೆರಳೆಣಿಕೆಯಷ್ಟು ಇರಬಹುದು. ನೀವು ಹೇಳಿದ ರೇಟು."

"ಮಾರಂಗಿಲ್ರಿ. ಮಜ್ಜಿಗಿ ಕುಡೀರಿ."

ಮಜ್ಜಿಗೆ ಕುಡಿದು ಹೋದರು. ಮರುವರ್ಷ ಬೇಸಿಗೆಯಲ್ಲಿ ಪಾಲಾಕ್ಷಪ್ಪ ಕಣ್ಣಿನ ಪೊರೆ ತೆಗೆಸಿಕೊಂಡು ಮನೆಯಲ್ಲಿ ಕೂತ. ಗಾಡಿ ಓಡಿಸಬಾರದು ಎಂದಿದ್ದರು ಡಾಕ್ಟರು. ಕಾಂತೇಶ್ ಬಂದು, "ಮಾವ, ನಿಂತಲ್ಲೇ ನಿಂತ್ರ ಇಂಜಿನ್ ಹಿಡಕೊಂತೈತಿ. ನಾ ಒಯ್ದು ಆಯಿಲ್ ಬದಲಿ ಮಾಡಿಸ್ಕೊಂಡು ಬರ್ತೀನಿ" ಎಂದ. ಸ್ವಂತ ಅಳಿಯ. ಕಣ್ಣಿಗೆ ಹಸಿರು ಪಟ್ಟಿ ಕಟ್ಟಿಕೊಂಡಿದ್ದ ಮಾವ ಹೂಂ ಅಂದ.

ಗಾಡಿ ತಿರುಗಿ ಬಂದದ್ದು ಮುಂಗಾರು ಹಿಡಿದ ಮೇಲೆ, ಲಾರಿಯ ಮೇಲೆ, ಹಿಂದೆ ಎರಡು ಕಾರು, ಒಬ್ಬ ಪೇಪರಿನವ. ಕಾಂತೇಶ್ ಅದನ್ನು ಕ್ಲಬ್ಬಿನವರ ಕೈಗೆ ಒಪ್ಪಿಸಿದ್ದ, ಅವರು ಹೊಸದರಂತೆ ಮಾಡಿಸಿದ್ದರು. ಮಿಲಿಟರಿ ಹಸಿರು ಬಣ್ಣ, ಮುಖ ಕಾಣುವಷ್ಟು ಮಿಂಚು. ತೊಟ್ಟಿಲಿನಲ್ಲಿ ಕೆಂಪು ರೆಕ್ಸಿನ್ನಿನ ಮೆತ್ತನೆಯ ಸೀಟು. ಓಣಿಗೆ ಓಣಿಯೇ ಬಾಯಿ ತೆರೆದು ನಿಂತಿತು. ಸುಳ್ಳು ಯಾಕೆ ಹೇಳಬೇಕು, ಪಾಲಾಕ್ಷಪ್ಪನೂ ಹಿಗ್ಗಿದ. ಹೊಸ ಕಣ್ಣಿನಿಂದ ಅವನು ಸರಿಯಾಗಿ ನೋಡಿದ ಮೊದಲ ದೊಡ್ಡ ವಸ್ತುವೇ ಅದು. ರುಮಾಲು ಸರಿಮಾಡಿಕೊಂಡು ಫೋಟೋಕ್ಕೆ ನಿಂತ.

ಭರಮಮ್ಮ ಮಾತ್ರ ತೊಟ್ಟಿಲಲ್ಲಿ ಕೈಯಾಡಿಸಿ ಕೇಳಿದಳು, "ಕಂಬಳಿ ಎಲ್ಲೈತೋ ಕಾಂತೇಶ?"

"ಅದಾ ಅತ್ತಿ? ಹೊಲಸು ನಾರತಿತ್ತು. ಸುಟ್ಟಾಕಿದ್ರು."

"ಕಂಬಳಿ ಸುಟ್ಟರಾ?" ಭರಮಮ್ಮ ತೊಟ್ಟಿಲಿನಿಂದ ಕೈ ಹಿಂದಕ್ಕೆಳೆದುಕೊಂಡಳು. ದೇವರನ್ನು ಕೂರಿಸುವುದು ಕಂಬಳಿಯ ಮೇಲೆ, ಮದುಮಕ್ಕಳನ್ನು ಕೂರಿಸುವುದು ಕಂಬಳಿಯ ಮೇಲೆ. ಆ ಮನೆಯಲ್ಲಿ ಕಂಬಳಿಯನ್ನು ದಾಟಿದರೂ ಬೈಗುಳ ಬೀಳುತ್ತಿತ್ತು. ಅಂಥದ್ದನ್ನು, ಅದೂ ಸತ್ತ ಮಾವನ ಕಂಬಳಿಯನ್ನು, ಕೇಳದೆ ಹೇಳದೆ ಗ್ಯಾರೇಜಿನ ಕಸದ ಜೊತೆ ಸುಟ್ಟಿದ್ದರು!

"ಹೋಗ್ಲಿ ಬಿಡಲೇ, ಹೊಸದು ಹಾಸಿದ್ರಾತು" ಎಂದುಬಿಟ್ಟ ಪಾಲಾಕ್ಷಪ್ಪ. ಆ ಮಾತಿಗಾಗಿ ಅವನು ಸಾಯುವ ತನಕ ತನ್ನನ್ನು ತಾನು ಬೈದುಕೊಂಡ.

ಸಾಹೇಬರು ಒಂದು ಪಾಲಿಶ್ ಬಾಟ್ಲಿ ಕೊಟ್ಟು, ದಿನಾ ಒರೆಸಿ, ಮಿಂಚು ಹೋಗಬಾರದು ಎಂದು ಹೇಳಿಹೋದರು. ಇವನು ದಿನಾ ಒರೆಸಿದ. ಸೀಟನ್ನೂ ಒರೆಸಿದ, ಹೊಸ ಕಂಬಳಿ ಹಾಸುವ ಮಾತು ಮರೆತ.

ಆ ವಾರವೇ ಕೊಟ್ರಬಸಪ್ಪನ ಹೋಟ್ಲಿನಲ್ಲಿ ಮಿರ್ಚಿ ತಿನ್ನುತ್ತಿದ್ದವರ ನಡುವೆ ಪೇಪರ್ ಓದಲಾಯಿತು. ಕೊಟ್ರಬಸಪ್ಪ ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದ, "ಕುರಿದೊಡ್ಡಿಯಲ್ಲಿ ಹಾಳುಬಿದ್ದಿದ್ದ ಅಪರೂಪದ ವಾಹನಕ್ಕೆ ಮರುಜೀವ."

"ಏನಂದಿ? ಇನ್ನೊಮ್ಮೆ ಓದು," ಎಂದ ಅಲ್ಲೇ ಕೂತಿದ್ದ ಪಾಲಾಕ್ಷಪ್ಪ.

ಇನ್ನೊಮ್ಮೆ ಓದಿದ.

"ಮರುಜೀವ ಅಂದ್ರ? ಅದು ಸತ್ತಿತ್ತೇನಲೇ? ಮೊನ್ನಿ ತನಕ ನಿನ್ನ ಹೋಟ್ಲು ಮುಂದ ಬಡಕೊಂತ ಹೋಗ್ತಿತ್ತಲ್ಲ, ನಿನ್ನ ಚಾದ ಲೋಟ ನಡುಗ್ತಿದ್ವಲ್ಲ, ಸತ್ತ ಗಾಡಿಗೆ ನಡುಗ್ತಿದ್ವೇನು? ದೊಡ್ಡ್ಯಾಗ ಹಾಳು ಬಿದ್ದಿತ್ತಂತ! ದೊಡ್ಡ್ಯಾಗ ಇರೋದಕ್ಕ ಹಾಳು ಅಂತಾರೇನು? ನಾನೂ ದೊಡ್ಡ್ಯಾಗ ಇರ್ತೀನಿ, ನಾನೂ ಹಾಳು ಬಿದ್ದೀನಾ?"

ಹೋಟ್ಲಿನವರು ನಕ್ಕರು. ಅವನು ನಗಲಿಲ್ಲ. ತಿನ್ನುತ್ತಿದ್ದ ಮಿರ್ಚಿ ಬಿಟ್ಟು ಎದ್ದುಬಂದ.

ಆದರೆ ನಿಜವಾದ ಪೆಟ್ಟು ಬಿದ್ದದ್ದು ದೀಪಾವಳಿಯ ಸುಮಾರಿಗೆ. ಕುರಿ ಈಯುವ ಕಾಲ. ಹಲವಾಗಲು ದಾರಿಯಲ್ಲಿ ಒಂದೇ ಹಗಲಿನಲ್ಲಿ ಬಹಳ ಮರಿ ಬಿದ್ದವು. ಪಾಲಾಕ್ಷಪ್ಪ ಕೆಂಪು ಸೀಟಿನ ಮೇಲೆ ಮರಿಗಳನ್ನು ಪೇರಿಸಿಕೊಂಡು ಹೊರಟ. ನುಣುಪಿಗೆ ಅವು ಜಾರಿ ಜಾರಿ ಒಂದರ ಮೇಲೊಂದು ಬೀಳುತ್ತಿದ್ದವು. ಸಂಜೆ ಎಂದಿನಂತೆ ಸಪ್ಪಳ ಕೇಳಿತು, ಎಂದಿನಂತೆ ತಾಯಿಕುರಿಗಳು ಓಡಿಬಂದವು, ಮೂಸಿದವು.

ಮೂಸಿ ಹಿಂದೆ ಸರಿದವು.

ಮರಿಗಳ ಮೈಗೆಲ್ಲ ರೆಕ್ಸಿನ್ನಿನ ವಾಸನೆ, ಪಾಲಿಶಿನ ವಾಸನೆ. ಕುರಿಗೆ ತನ್ನ ಮಗುವಿನ ಗುರುತು ಸಿಗುವುದು ಮೂಗಿನಲ್ಲಿ. ಮೊಲೆಗೆ ಬಾಯಿ ಹಾಕಲು ಬಂದ ಮರಿಯನ್ನು ತಾಯಿಯೇ ಗುದ್ದಿ ಕೆಡವಿತು. ಮತ್ತೆ ಬಂದರೆ ಮತ್ತೆ ಗುದ್ದಿತು. ಅದೇ ತಾಯಿ, ಮರಿಗಾಗಿ ಮುಖವೆತ್ತಿ ಒದರುತ್ತಲೇ ಇತ್ತು. ಮರಿ ಕಾಲ ಬಳಿ ಬಿದ್ದಿದೆ, ತಾಯಿ ದೂರ ನೋಡಿ ಕರೆಯುತ್ತಿದೆ. ಇದಕ್ಕಿಂತ ಅನ್ಯಾಯದ ನೋಟ ಏನಿದೆ ಹೇಳಿ?

ಭರಮಮ್ಮ ತಾಯಿಕುರಿಗಳ ಹಾಲು ಹಿಂಡಿ ಅದನ್ನೇ ಮರಿಗಳ ಮೈಗೆ ಸವರಿದಳು. ಕಾಲು ಹಿಡಿದು ಬಲವಂತವಾಗಿ ಮೊಲೆಗೆ ಹಚ್ಚಿದಳು. ಕೆಲವು ಒಪ್ಪಿಕೊಂಡವು. ಕೆಲವು ಒಪ್ಪಲಿಲ್ಲ. ಹಣೆಯ ಮೇಲೆ ಬಿಳಿ ಬೊಟ್ಟಿದ್ದ ಒಂದು ಕರಿ ಮರಿ ಅವಳ ಮಡಿಲಲ್ಲೇ ತಣ್ಣಗಾಯಿತು.

"ಒರಸಿದ್ಯಲ್ಲ ದಿನಾ," ಎಂದಳು ಗಂಡನಿಗೆ. "ನೋಡು, ಎಷ್ಟು ಚಂದ ಮಿಂಚತೈತಿ."

ಮರುದಿನ ಅವನು ಮಂದೆಯನ್ನು ತಮ್ಮನಿಗೆ ಒಪ್ಪಿಸಿ ಗಾಡಿಯನ್ನು ತೆಲಿಗಿಗೆ ತಂದ. ಮನೆಯ ಮುಂದೆ ಹಾಡಹಗಲೇ ಕುಡುಗೋಲು ಹಿಡಿದು ಆ ಕೆಂಪು ಸೀಟನ್ನು ಸೀಳಿದ, ಒಳಗಿನ ಸ್ಪಂಜು ಕಿತ್ತು ತಿಪ್ಪೆಗೆ ಎಸೆದ. ಇಟ್ಟಿಗೆ ಚೂರು, ಬೂದಿ, ಮರಳು ಹಾಕಿ ತೊಟ್ಟಿಲ ಒಳಗಿನ ಬಣ್ಣವನ್ನೆಲ್ಲ ತಿಕ್ಕಿ ತೆಗೆದ. ಆಮೇಲೆ ಕುರಿಯ ಹಿಕ್ಕೆ ಕಲಸಿ ಬಳಿದ. "ಹುಚ್ಚು ಹಿಡೀತು ಪಾಲಾಕ್ಷಪ್ಪಗ" ಎಂದು ಜನ ಕೂಡಿದರು.

ಅದೇ ಹೊತ್ತಿಗೆ ಕಾರು ಬರಬೇಕೇ! ದಾವಣಗೆರೆಯಲ್ಲಿ ಹಳೆ ಗಾಡಿಗಳ ಪ್ರದರ್ಶನವಿತ್ತು. ಅವನನ್ನೂ ಗಾಡಿಯನ್ನೂ ಕರೆದೊಯ್ಯಲು ಸಾಹೇಬರೂ ಕಾಂತೇಶನೂ ಬಂದಿದ್ದರು. ಸಾಹೇಬರ ಕೈ ತಲೆಯ ಮೇಲೆ ಹೋಯಿತು.

"ಅಯ್ಯೋ, ಏನು ಮಾಡಿದ್ರಿ ಯಜಮಾನ್ರೇ! ಇದು ಅಪರಾಧ. ಇಂಥ ಗಾಡಿ ದೇಶದಲ್ಲಿ ಎಷ್ಟಿವೆ ಗೊತ್ತಾ ನಿಮಗೆ?"

ಪಾಲಾಕ್ಷಪ್ಪ ಹಿಕ್ಕೆಯ ಕೈಯಲ್ಲೇ ಎದ್ದು ನಿಂತ. "ಹೌದ್ರಿ, ಗಾಡಿ ಕಡಿಮಿ ಅದಾವು. ಕುರಿಮರಿ ಬೇಕಾದಷ್ಟು ಅದಾವು, ಅದಕ್ಕ ಅವು ಸಾಯ್ಲೇನ್ರಿ? ನನ್ನ ಕೇಳಿದ್ರ್ಯಾ? ಒಂದು ಮಾತು, ಒಂದೇ ಒಂದು ಮಾತು, ಇದರಾಗ ಏನು ಹೊರತೀಯಪ್ಪ ಅಂತ ಕೇಳಿದ್ರ್ಯಾ? ಮೈಯೆಲ್ಲ ಸವರಿ ನೋಡಿದ್ರಿ, ನಟ್ಟು ನಟ್ಟಿನ ಫೋಟೋ ಹಿಡಕೊಂಡ್ರಿ. ಇದರ ಕೆಲಸ ಏನು ಅಂತ ಕೇಳಲಿಲ್ಲ ನೋಡ್ರಿ ನೀವು!"

"ನಾವು ಒಳ್ಳೇದಕ್ಕೇ..."

"ನನ್ನಪ್ಪನ ಕಂಬಳಿ ಸುಟ್ಟು, ಮರಿಗೆ ತಾಯಿ ತಪ್ಪಿಸಿ, ಒಳ್ಳೇದು! ನಿಮ್ಮ ಒಳ್ಳೇದು ನಿಮಗೇ ಇರ್ಲಿ. ಹೊಂಡ್ರಿ." ಆಮೇಲೆ ಅಳಿಯನತ್ತ ತಿರುಗಿದ. "ಲೇ, ನೀನು ಇದೇ ತೊಟ್ಲಾಗ ಕುಂತು ಸಾಲಿಗೆ ಹೋಗಿದ್ದಿ. ಆವಾಗ ಹೊಲಸು ನಾರಲಿಲ್ಲೇನು ಆ ಕಂಬಳಿ?"

ಕಾಂತೇಶ್ ಹೋಗಿ ಕಾರು ಹತ್ತಿದ. ಕಾರು ಹೋಯಿತು.

ಒಂದು ತಿಂಗಳು ಕಳೆದ ಮೇಲೆ ಅವನೊಬ್ಬನೇ ಬಸ್ಸಿಳಿದು ಬಂದ. ಕಂಕುಳಲ್ಲಿ ಅವನ ತಾಯಿ ಕೊಟ್ಟ ಹೊಸ ಕಂಬಳಿ. ಮಾವ ಮುಖ ತಿರುಗಿಸಿದ. ಭರಮಮ್ಮ ಇಸಿದುಕೊಂಡಳು, ಮೂಸಿದಳು, ಹಿತ್ತಲ ರೊಪ್ಪದ ಕುರಿಗಳ ನಡುವೆ ಬೀಸಿ ಎಸೆದಳು. "ಮೊದಲು ಅವು ಮಲಗ್ಲಿ. ಅವು ಒಪ್ಪಿದ್ರ ಆಮೇಲೆ ತೊಟ್ಲಿಗೆ."

ಬೇಸಿಗೆಯೆಲ್ಲ ಕುರಿಗಳು ಅದರ ಮೇಲೆ ಮಲಗಿದವು, ತುಳಿದವು, ಉಚ್ಚೆ ಹೊಯ್ದವು. ಮುಂದಿನ ದೀಪಾವಳಿಗೆ ಅದೇ ಕಂಬಳಿಯ ಮೇಲೆ ಮರಿಗಳು ಹೋದವು. ಸಂಜೆ ಗಾಡಿ ನಿಂತಾಗ ಪಾಲಾಕ್ಷಪ್ಪ ಕೆಳಗಿಳಿಯಲೇ ಇಲ್ಲ, ಹ್ಯಾಂಡಲ್ ಹಿಡಿದು ಕೂತೇ ಇದ್ದ. ಕುರಿಗಳು ಬಂದವು, ಮೂಸಿದವು. ಮೊದಲ ಮರಿಯ ಬಾಲ ಮೊಲೆಯ ಕೆಳಗೆ ಪಟಪಟ ಅಲ್ಲಾಡತೊಡಗಿದಾಗ ಭರಮಮ್ಮ ಗಂಡನ ಬೆನ್ನಿಗೊಂದು ಗುದ್ದಿ, "ಇಳಿಯೋ ಇನ್ನ" ಎಂದಳು.

ಎರಡು ಸಾವಿರದ ಒಂಬತ್ತರ ಮಳೆಗಾಲದಲ್ಲಿ, ಎದೆ ಹಿಡಿದಂತಾಗುತ್ತದೆ ಎಂದು ಕಟ್ಟೆಯ ಮೇಲೆ ಮಲಗಿದ ಪಾಲಾಕ್ಷಪ್ಪ ಏಳಲಿಲ್ಲ. ಅವರಲ್ಲಿ ಸತ್ತವರನ್ನು ಕೂರಿಸಿ ಒಯ್ಯುವುದು ರೂಢಿ. ಬೀಗರು ಟ್ರ್ಯಾಕ್ಟರ್ ತಂದು ನಿಲ್ಲಿಸಿದರು. ಭರಮಮ್ಮ ಬೇಡ ಎಂದಳು. "ತೊಟ್ಲಾಗ ಕುಂದ್ರಸ್ರಿ."

ಕೂರಿಸಿ ಕಂಬಳಿ ಹೊದಿಸುತ್ತಿರುವಾಗ ಕಾಂತೇಶನ ಜೇಬಿನ ಫೋನು ರಿಂಗಾಯಿತು. ಅವನು ಪಕ್ಕಕ್ಕೆ ಹೋಗಿ ಮೆಲ್ಲಗೆ ಮಾತಾಡಿ ಬಂದ. ಮುಖ ಸಣ್ಣದಾಗಿತ್ತು.

"ಯಾರೋ ಅದು?"

"ಕ್ಲಬ್ಬಿನ ಸಾಹೇಬ್ರು ಅತ್ತಿ. ಸುದ್ದಿ ಗೊತ್ತಾತಂತ. ಬಾಳ ಬ್ಯಾಸರ ಆತು ಅಂದ್ರು. ಇನ್ನ ಗಾಡಿ ಏನು ಮಾಡ್ತೀರಿ ಅಂತ..."

ಇನ್ನೂ ಹೆಣ ಎದ್ದಿರಲಿಲ್ಲ! ಕೂಡಿದ ಮಂದಿಯೆಲ್ಲ ಛೀ ಎಂದರು. ಭರಮಮ್ಮ ಅಳು ನಿಲ್ಲಿಸಿ, ಗಂಡನ ರುಮಾಲು ಸರಿಮಾಡಿ, ಅಳಿಯನಿಗೆ ಹೇಳಿದಳು, "ಗಾಡಿ ಕೆಲಸದಾಗ ಐತಿ ಅಂತ ಹೇಳು."

ಕಾಂತೇಶ್ ಗಾಡಿಯ ಮೇಲೆ ಕೂತು ಕಿಕ್ಕರ್ ಒದ್ದ. ಹತ್ತಲಿಲ್ಲ. ಮತ್ತೊಮ್ಮೆ ಒದ್ದಾಗ ಓಣಿ ನಡುಗುವಂತೆ ಸಪ್ಪಳ ಎದ್ದಿತು. ಅದು ಕೇಳಿದ್ದೇ ಹಿತ್ತಲ ರೊಪ್ಪದ ತಾಯಿಕುರಿಗಳೆಲ್ಲ ಒದರುತ್ತ ಮುಳ್ಳುಬೇಲಿಗೆ ಬಂದು ಮುಗಿಬಿದ್ದವು. ಎದುರುಮನೆಯ ಮಾಳಮ್ಮ ಬಾಗಿಲು ತೆರೆದು ಹೊಸಲಲ್ಲೇ ನಿಂತಿದ್ದಳು. ಮಳೆಗೆ ಓಣಿಯೆಲ್ಲ ರಾಡಿಯಾಗಿತ್ತು, ಹಿಂದಿನ ಗಾಲಿ ಹೂತು ತಿರುಗತೊಡಗಿತು.

"ಮೂರನೇದು ಹಾಕಲೇ," ಎಂದು ಹಿಂದಿನಿಂದ ಭರಮಮ್ಮ ಕೂಗಿದಳು. "ನಿಮ್ಮ ಮಾವ ಹಾಕ್ತಿದ್ದಿಲ್ಲೇನು?"

ಕಾಂತೇಶ್ ಸನ್ನೆಗೋಲು ಎಳೆದ. ತೊಟ್ಟಿಲ ಗಾಲಿ ಮಣ್ಣನ್ನು ಕಚ್ಚಿತು. ಪಾಲಾಕ್ಷಪ್ಪ ಒಮ್ಮೆ ತೂಗಿ, ಕಂಬಳಿಯೊಳಗೆ ನೆಟ್ಟಗೆ ಕೂತು, ಮನೆ ಬಿಟ್ಟು ಹೊರಟ.