ಎರಡು ಕೈಯ ಕೌದಿ

ಆಗ ನನಗೆ ಎಪ್ಪತ್ತೊಂದು. ಈ ಮಾತಿಗೆ ನಾಲ್ಕು ವರ್ಷ ಆಯಿತು. ಮೂರನೇ ಇಯತ್ತೆಗೆ ಸಾಲಿ ಬಿಟ್ಟ ನಾನು ಅಮೆರಿಕದ ಯೂನಿವರ್ಸಿಟಿಗೆ ಹೋಗಿ ಬಂದೆ ಅಂದರೆ ನನ್ನ ವಾರಿಗೆಯ ಹೆಂಗಸರು ಬಾಯಿ ಮೇಲೆ ಕೈ ಇಟ್ಟುಕೊಳ್ಳುತ್ತಾರೆ. ಹೋದದ್ದು ಕಲಿಯಲಿಕ್ಕಲ್ಲ, ಜವಾಬು ಕೊಡಲಿಕ್ಕೆ ಅನ್ನುವುದನ್ನು ನಾನು ಅವರಿಗೆ ಕೊನೆಗೆ ಹೇಳುತ್ತೇನೆ. ಇಲ್ಲಿ ಮಾತ್ರ ಮೊದಲೇ ಹೇಳಿಬಿಟ್ಟೆ.

ನಾನಿರುವುದು ಅಮೆರಿಕದ ಮೌಂಟನ್ ವ್ಯೂದಲ್ಲಿ, ಮಗಳು ಗಿರಿಜಾಳ ಅಪಾರ್ಟ್‌ಮೆಂಟಿನಲ್ಲಿ. ಆ ವರ್ಷ ಹುಬ್ಬಳ್ಳಿಯಿಂದ ನನ್ನ ಮಗನ ಮಗಳು ಅಕ್ಷತಾ ಒಂದು ಸೆಮಿಸ್ಟರು ಓದಲಿಕ್ಕೆ ಬಂದಳು. ಬಟ್ಟೆಯ ಡಿಸೈನು ಅವಳ ವಿಷಯ. ಇಲ್ಲಿ ನಾಲ್ಕು ತಿಂಗಳು ಕಲಿತು ಪಾಸಾದರೆ ಅಲ್ಲಿಯ ಕಾಲೇಜಿನವರು ಒಪ್ಪುತ್ತಾರೆ. ಒಂದರಲ್ಲಿ ನಪಾಸಾದರೂ ಊರಿಗೆ ಹೋಗಿ ಇಡೀ ವರ್ಷ ಮತ್ತೆ ಓದಬೇಕು. ಬಂದ ದಿನವೇ ಇದನ್ನು ಮೂರು ಸಲ ಹೇಳಿದಳು. ಕೂಸಿನ ಕಣ್ಣಾಗ ನಿದ್ದಿ ಇರಲಿಲ್ಲ.

ಹೊಲಿಗೆಯ ಕ್ಲಾಸಿನಲ್ಲಿ ಟೀಚರಮ್ಮ ಎಲ್ಲರಿಗೂ ಒಂದು ಕೆಲಸ ಕೊಟ್ಟಿದ್ದಳು. ನಿಮ್ಮ ನಿಮ್ಮ ಮನೆಯಲ್ಲಿ ಮಾಡುವ ಒಂದು ಬಟ್ಟೆಯ ಕೆಲಸವನ್ನು ನಿಮ್ಮ ಕೈಯಾರೆ ಮಾಡಿ ತನ್ನಿ ಅಂತ. ಅರ್ಧ ಮಾರ್ಕ್ಸು ಅದಕ್ಕೇ. ಇವಳು ಕೌದಿ ಅಂದು ಬಂದಳು. ಹುಟ್ಟಿದ ಹನ್ನೊಂದನೇ ದಿನದಿಂದ ಕೌದಿಯ ಮೇಲೆ ಹೊರಳಾಡಿದ ಹುಡುಗಿ, ಸೂಜಿಯ ಕಣ್ಣು ಯಾವ ಕಡೆ ಅಂತ ನನ್ನನ್ನು ಕೇಳಿದಳು.

ಪದರದ ಮೇಲೆ ಪದರ ಇಟ್ಟು ಹೊಲಿಯುವ ಹೊದಿಕೆ ಕೌದಿ, ಅದಕ್ಕೆ ಹಳೆ ಬಟ್ಟೆ ಬೇಕು. ಈ ಊರಲ್ಲಿ ಬಟ್ಟೆ ಹಳೆಯದಾಗುವುದೇ ಇಲ್ಲ. ಬಣ್ಣ ಮಾಸುವ ಮೊದಲೇ ಚೀಲಕ್ಕೆ ತುಂಬಿ ದಾನಕ್ಕೆ ಕೊಟ್ಟುಬಿಡುತ್ತಾರೆ. ನಮ್ಮಲ್ಲಿ ಒಂದು ಸೀರೆ ಮೊದಲು ಸೀರೆ, ಆಮೇಲೆ ಲಂಗ, ಆಮೇಲೆ ಜೋಳಿಗೆ ತೊಟ್ಟಿಲು, ಆಮೇಲೆ ಕೌದಿ, ಕಡೆಗೆ ಒಲೆಯಿಂದ ಗಡಿಗೆ ಇಳಿಸುವ ಅರಿವೆ. ಅಷ್ಟು ಜನ್ಮ ಎತ್ತಿದರೂ ಯಾರೂ ಅದಕ್ಕೆ ಪೂಜೆ ಮಾಡುವುದಿಲ್ಲ. ಇಲ್ಲಿ ಹುಡುಕಿ ಹುಡುಕಿ ಸಿಕ್ಕಿದ್ದು ನನ್ನ ಎರಡು ಇಳಕಲ್ ಸೀರೆ, ಮತ್ತೆ ಅಳಿಯನ ಟೀ ಶರ್ಟುಗಳು. ಅವನು ಯಾವ ಮೀಟಿಂಗಿಗೆ ಹೋದರೂ ಒಂದು ಟೀ ಶರ್ಟು ಕೊಟ್ಟು ಕಳಿಸುತ್ತಾರೆ. ಕೆಲವು ಕಂಪನಿ ಮುಚ್ಚಿಹೋಗಿವೆ, ಅವುಗಳ ಶರ್ಟು ಇನ್ನೂ ಗಟ್ಟಿ ಇವೆ. ಆದರೆ ಅದು ಹರಾಮಿ ಬಟ್ಟೆ. ಸೂಜಿ ಚುಚ್ಚಿದರೆ ಹಿಗ್ಗುತ್ತದೆ, ಬಿಟ್ಟರೆ ಕುಗ್ಗುತ್ತದೆ. ಒಂದು ಮಾತಿನ ಮೇಲೆ ನಿಲ್ಲುವುದಿಲ್ಲ.

ಹೇಳಿಕೊಟ್ಟೆ. ಅಂಚಿನಿಂದ ಶುರು ಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರಬೇಕು. ಅವಳ ಹೊಲಿಗೆ, ಶೇಂದಿ ಕುಡಿದ ಇರುವೆ ನಡೆದ ಹಾಗೆ ಹೋಗುತ್ತಿತ್ತು. ಹಾಗಂತ ಅವಳಿಗೇ ಹೇಳಿದೆ.

"ಆಯಿ, ನಿನ್ನ ಬಾಯಿಗಿಂತ ಸೂಜಿ ಚಲೋ," ಅಂದಳು.

ಸುಳ್ಳೇನಲ್ಲ.

ಈಗ ನನ್ನ ತಪ್ಪಿಗೆ ಬರುತ್ತೇನೆ. ನಮ್ಮ ಓಣಿಯಲ್ಲಿ ಕೌದಿಯನ್ನು ಒಬ್ಬಳೇ ಕೂತು ಹೊಲಿಯುವುದನ್ನು ನಾನು ನೋಡಿಲ್ಲ. ನಾಲ್ಕು ಮೂಲೆಗೆ ನಾಲ್ಕು ಮಂದಿ. ಒಬ್ಬಾಕೆ ಹಾಲು ಉಕ್ಕಿತು ಅಂತ ಎದ್ದು ಹೋದರೆ, ಪಕ್ಕದಾಕೆ ಆ ಸೂಜಿ ಎತ್ತಿಕೊಂಡು ಮುಂದೆ ಹೊಲಿಯುತ್ತಾಳೆ. ತಿರುಗಿ ಬಂದಾಕೆ ಎಲ್ಲಿ ಬಿಟ್ಟಿದ್ದೆ ಅಂತ ಕೇಳುವುದಿಲ್ಲ. ಶಾವಿಗೆ ಹೊಸೆಯುವಾಗ ಈ ಎಳೆ ಯಾರದು ಅಂತ ಯಾರಾದರೂ ಕೇಳುತ್ತಾರೇನು? ನಮ್ಮಲ್ಲಿ ಹೆಸರು ಕೇಳುವುದು ಕೆಲಸ ಕೆಟ್ಟಾಗ ಮಾತ್ರ. ಉಪ್ಪು ಹೆಚ್ಚಾದರೆ ಯಾರು ಹಾಕಿದ್ದು, ಸರಿಯಾಗಿದ್ದರೆ ಸುಮ್ಮನೆ ಊಟ.

ಒಪ್ಪಿಸುವ ಎರಡು ದಿನ ಮೊದಲು ಅಕ್ಷತಾ ಕೌದಿಯನ್ನು ಸೋಫಾದ ಮೇಲೆ ಬಿಟ್ಟು, ಸೂಜಿ ಅದರಲ್ಲೇ ಚುಚ್ಚಿ, ಟ್ರೇನು ಹಿಡಿಯಲು ಓಡಿದಳು. ಚುಚ್ಚಿಟ್ಟ ಸೂಜಿ ಕಂಡರೆ ನನ್ನ ಕೈ ನಿಲ್ಲುವುದಿಲ್ಲ. ಮಧ್ಯಾಹ್ನದ ಚಹಾ ಹೊತ್ತಿಗೆ ಒಂದು ಗೇಣು ಅಗಲ, ಸುತ್ತಲೂ, ಹೊಲಿದು ಮುಗಿಸಿದ್ದೆ. ಗೆರೆ ಹೊಡೆದ ಹಾಗೆ ಇತ್ತು. ಅವಳು ಬಂದು ನೋಡಿದಳು. ಬಹಳ ಹೊತ್ತು ನೋಡಿದಳು. ನಡುವೆ ಉಳಿದಿದ್ದ ಚೂರನ್ನು ತಾನು ಹೊಲಿದು, ಮಡಚಿ, ತೊಗೊಂಡು ಹೋದಳು.

ಮೂರನೇ ದಿನ ಮನೆಗೆ ಬಂದವಳ ಮುಖ ಸುಣ್ಣವಾಗಿತ್ತು. ಟೀಚರಮ್ಮ ಕೌದಿಯ ಮೇಲೆ ಬೆರಳು ಓಡಿಸಿ, ಇಲ್ಲಿಗೆ ಒಂದು ಕೈ ನಿಂತಿತು, ಇಲ್ಲಿಂದ ಇನ್ನೊಂದು ಕೈ ಅಂದಳಂತೆ. ಸೆಮಿಸ್ಟರಿನ ಮೊದಲ ದಿನವೇ ಎಲ್ಲರೂ ಸಹಿ ಮಾಡಿದ ಕಾಗದವಿದೆ, ಕೊಟ್ಟ ಕೆಲಸವೆಲ್ಲ ನನ್ನದೇ ಅಂತ. ಅದನ್ನು ಮುರಿದರೆ ಮೇಲಿನವರ ಮುಂದೆ ನಿಲ್ಲಬೇಕು. ನಪಾಸು ಮಾಡಿ ಊರಿಗೆ ಕಳಿಸಿದರೂ ಕಳಿಸಿಯಾರು. ಮರುದಿನ ಬಂದು ಮಾತಾಡು ಅಂದಿದ್ದಾಳೆ.

ಗಿರಿಜಾ ಒಂದು ಉಪಾಯ ತೆಗೆದಳು. ಮೊದಮೊದಲು ಸೊಟ್ಟ ಬಂತು, ರೂಢಿಯಾದ ಮೇಲೆ ನೆಟ್ಟಗಾಯಿತು ಅಂತ ಹೇಳಿಬಿಡು ಅಂದಳು. ಕಂಪನಿಯಲ್ಲಿ ಮ್ಯಾನೇಜರಾಗಿರುವ ನನ್ನ ಮಗಳ ಬುದ್ಧಿ ಇದು. ಅಂಚಿಗೆ ಸೊಟ್ಟ, ಆಮೇಲೆ ನೆಟ್ಟಗೆ, ನಡುವೆ ಮತ್ತೆ ಸೊಟ್ಟ. ಕಲಿತು ಮರೆತಳು ಅಂತ ಹೇಳಬೇಕೇನು ಅಂದೆ. ನಾನೇ ಬರುತ್ತೇನೆ, ಹೊಲಿದ ಕೈ ನನ್ನದು ಅಂದೆ.

ಹಾಗೆ ನಾನು ಯೂನಿವರ್ಸಿಟಿಗೆ ಹೋದೆ. ಟೀಚರಮ್ಮ ನನಗಿಂತ ಹತ್ತು ವರ್ಷ ಚಿಕ್ಕವಳು. ಬಿಳಿಕೂದಲನ್ನು ಗಂಡಸಿನ ಹಾಗೆ ಕತ್ತರಿಸಿಕೊಂಡಿದ್ದಳು. ನಾನು ಮೊದಲು ನೋಡಿದ್ದು ಅವಳ ಬೆರಳು. ಸೂಜಿ ಚುಚ್ಚಿ ಚುಚ್ಚಿ ತುದಿ ಗಟ್ಟಿಯಾಗಿತ್ತು. ಇವಳ ಮುಂದೆ ಆಟ ನಡೆಯುವುದಿಲ್ಲ ಅಂತ ಅಲ್ಲೇ ಗೊತ್ತಾಯಿತು. ಆದರೂ ನಾನು ಆಡಿದೆ.

ಹುಡುಗಿಯನ್ನು ಕೇಳದೆ ನಾನೇ ಹೊಲಿದೆ, ನಮ್ಮಲ್ಲಿ ಹೀಗೇ ಅಂತ ಅಕ್ಷತಾಳ ಬಾಯಿಂದ ಹೇಳಿಸಿದೆ. ನಾಲ್ಕು ಮೂಲೆಯ ಮಾತು, ಹಾಲು ಉಕ್ಕಿದ ಮಾತು ಎಲ್ಲ ಹೇಳಿಸಿದೆ. ಆಕೆ ತಲೆ ಆಡಿಸುತ್ತಾ ಕೇಳಿದಳು. ಆಮೇಲೆ ಒಂದೇ ಪ್ರಶ್ನೆ. ಅಕ್ಷತಾ ನನ್ನ ಕಡೆ ತಿರುಗಿದಳು.

"ಒಪ್ಪಿಸೋಕಿಂತ ಮೊದಲ ನನಗ ಗೊತ್ತಿತ್ತೇನಂತ ಕೇಳಾಕತ್ತಾರ, ಆಯಿ."

"ಗೊತ್ತಿದ್ದಿಲ್ಲ ಅನ್ನು," ಅಂದೆ. "ಕನ್ನಡ ಆಕಿಗೆ ತಿಳಿಯಂಗಿಲ್ಲ. ಇದು ನಾ ಅಂದ ಮಾತಂತ ಹೇಳು."

ಹುಡುಗಿ ಟೀಚರಮ್ಮನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಎರಡು ಮಾತು ಅಂದಳು. ನನಗೆ ಇಂಗ್ಲಿಷು ಬಾರದು, 'ಯೆಸ್' ತಿಳಿಯುತ್ತದೆ.

ಟೀಚರಮ್ಮ ಕನ್ನಡಕ ತೆಗೆದು ಒರೆಸಿಕೊಂಡಳು. ನೀನೇ ಒಪ್ಪಿಕೊಂಡದ್ದರಿಂದ ಮೇಲಿನವರಿಗೆ ಬರೆಯುವುದಿಲ್ಲ, ಸ್ವಲ್ಪ ಮಾರ್ಕ್ಸು ಕಡಿಯುತ್ತೇನೆ, ಅಜ್ಜಿಯ ಹೊಲಿಗೆ ಅಷ್ಟೂ ಬಿಚ್ಚಿ, ನೀನೇ ಹೊಲಿದು, ಒಂದು ವಾರದಲ್ಲಿ ತಾ ಅಂದಳು. ಆಮೇಲೆ ನನ್ನ ಹೊಲಿಗೆಯ ಮೇಲೆ ಇನ್ನೊಮ್ಮೆ ಬೆರಳು ಆಡಿಸಿ ಏನೋ ಅಂದಳು. ಬಿಚ್ಚಿಸಲಿಕ್ಕೆ ಮನಸ್ಸಿಲ್ಲ ಅಂದಳಂತೆ. ಮನಸ್ಸಿಲ್ಲದಿದ್ದರೆ ಬಿಡಬೇಕಪ್ಪ. ಬಿಡಲಿಲ್ಲ.

ಬಿಚ್ಚಲಿಕ್ಕಾದರೂ ನಾನು ಕೈ ಹಾಕಬಹುದೇನು ಅಂತ ಕೇಳಿಸಿದೆ. ಬಿಚ್ಚುವುದಕ್ಕೆ ಮಾರ್ಕ್ಸಿಲ್ಲ, ಹಾಕಿಕೊಳ್ಳಲಿ ಅಂದಳು.

ಟ್ರೇನಿನಲ್ಲಿ ಬರುವಾಗ ನಾನು ಸಿಟ್ಟಿನಲ್ಲೇ ಇದ್ದೆ. ಕೌದಿಯ ವಿಷಯದಲ್ಲಿ ಆ ಹೆಂಗಸು ತಪ್ಪು ಅಂತ ಇವತ್ತೂ ಹೇಳುತ್ತೇನೆ. ಒಬ್ಬರೇ ಹೊಲಿದದ್ದು ಚಾದರ, ಕೌದಿ ಅಲ್ಲ. ಆದರೆ ಹುಡುಗಿಯ ವಿಷಯದಲ್ಲಿ ತಪ್ಪಿದ್ದು ನಾನು. ನಾಲ್ಕು ಮೂಲೆಗೆ ಕೂತ ನಾಲ್ವರಿಗೂ ಹೊಲಿಯಲು ಬರುತ್ತಿತ್ತು, ಅದಕ್ಕೇ ಯಾರ ಸೂಜಿ ಯಾರು ಎತ್ತಿದರೂ ನಡೆಯುತ್ತಿತ್ತು. ಇವಳಿಗೆ ಇನ್ನೂ ಬರುತ್ತಿರಲಿಲ್ಲ. ಕಲಿಯುವವಳ ಕೈಯಿಂದ ಸೂಜಿ ತೊಗೊಂಡರೆ ಅದು ಕೈ ಜೋಡಿಸಿದ್ದಲ್ಲ, ಕಸಿದದ್ದು. ಇಷ್ಟು ತಿಳಿಯಲಿಕ್ಕೆ ನನಗೆ ಎಪ್ಪತ್ತೊಂದು ವರ್ಷ ಮತ್ತೆ ಹೋಗಿ ಬರುವ ಒಂದು ಟಿಕೇಟು ಬೇಕಾಯಿತು. ಯೂನಿವರ್ಸಿಟಿಯಲ್ಲಿ ಅರ್ಧ ತಾಸು ಕೂತದ್ದು ದಂಡವಾಗಲಿಲ್ಲ.

ಸುಳ್ಳು ಹೇಳು ಅಂದೆನಲ್ಲ, ಸಿಟ್ಟು ಬಂತೇನು ಅಂತ ಅವಳನ್ನು ಕೇಳಿದೆ.

"ಇಲ್ಲ ಆಯಿ," ಅಂದಳು. "ಆದ್ರ ಇನ್ನ ಮ್ಯಾಲೆ ನನ್ನ ಸೂಜಿ ಮುಟ್ಟಬ್ಯಾಡ."

ಮರುದಿನ ಬೆಳಿಗ್ಗೆ ಕಿಟಕಿ ಹತ್ತಿರ ಕುರ್ಚಿ ಎಳೆದುಕೊಂಡು, ನನ್ನ ಹೊಲಿಗೆಯನ್ನು ನಾನೇ ಒಂದೊಂದಾಗಿ ಕತ್ತರಿಸಿ ತೆಗೆದೆ. ಅಕ್ಷತಾ ಎದುರಿಗೆ ಕೂತು ಬಿಚ್ಚಿದ ಜಾಗದಲ್ಲಿ ಮತ್ತೆ ಶುರು ಮಾಡಿದಳು. ಎರಡನೇ ಸಾಲಿಗೇ ಸೊಟ್ಟ ಹೋಯಿತು. ನನ್ನ ಕೈ ಸೂಜಿಯ ಕಡೆ ಹೊರಟಿತು. ನಾನು ಎದ್ದು ಫ್ರಿಜ್ಜಿನಿಂದ ಎರಡು ಕಟ್ಟು ಮೆಂತ್ಯೆ ಸೊಪ್ಪು ತೆಗೆದು ತಂದು, ಅಷ್ಟೂ ಎಲೆ ಬಿಡಿಸಿದೆ.