ಗಾದಿ ಚಾಚಾ ಮತ್ತು ನನ್ನ ಅನುಮಾನ

ಅವರ ಹುಬ್ಬಿನ ಮೇಲೆ ಸದಾ ಹತ್ತಿ. ಮಾತಾಡಿದರೆ ಆ ಬಿಳಿ ಎಳೆಗಳೂ ಹುಬ್ಬಿನ ಜೊತೆ ಏಳುತ್ತಿದ್ದವು, ಇಳಿಯುತ್ತಿದ್ದವು. ರೆಪ್ಪೆ, ಗಡ್ಡ, ಕಿವಿಯ ಕೂದಲು ಎಲ್ಲ ಬೆಳ್ಳಗೆ. ಇಂಥ ಮುಖ ನೋಡಿ, ಈ ಮನುಷ್ಯ ನಗುತ್ತಿದ್ದಾರೋ ಸುಳ್ಳು ಹೇಳುತ್ತಿದ್ದಾರೋ ಎಂದು ಪತ್ತೆ ಹಚ್ಚುವುದು ಹೇಗೆ? ನನಗಂತೂ ಆಗಲಿಲ್ಲ. ಶಿಕಾರಿಪುರದ ನಮ್ಮ ಓಣಿಯಲ್ಲಿ ಹಳೆಯ ಗಾದಿ ಬಿಚ್ಚಿ, ಹತ್ತಿ ಹಿಂಜಿ, ಮತ್ತೆ ತುಂಬಿ ಹೊಲಿದು ಕೊಡುತ್ತಿದ್ದ ಅವರನ್ನು ಮಕ್ಕಳೆಲ್ಲ ಗಾದಿ ಚಾಚಾ ಎನ್ನುತ್ತಿದ್ದೆವು.

ಹೈಸ್ಕೂಲಿನಲ್ಲಿ ನನಗೆ ಎತ್ತರ ಜಿಗಿತದ ಹುಚ್ಚು ಹಿಡಿದಿತ್ತು. ನೋಡಿದರೆ ಕ್ಲಾಸಿಗೇ ಗಿಡ್ಡಿ ನಾನು. ಬೆನ್ನು ಕೆಳಗೆ ಮಾಡಿ ಹಾರುವುದನ್ನು ಫೋನಿನಲ್ಲಿ ನೋಡಿ, ಅದನ್ನೇ ಕಲಿಯಬೇಕೆಂದು ಹಟ. ಶಾಲೆಯಲ್ಲಿದ್ದದ್ದು ಮರಳಿನ ಗುಂಡಿ. ಅದರಲ್ಲಿ ಬೆನ್ನು ಕೊಟ್ಟು ಬಿದ್ದರೆ ಉಸಿರೇ ನಿಲ್ಲುತ್ತಿತ್ತು. ಒಂದು ಸಂಜೆ ನಮ್ಮ ಗಾದಿ ತಯಾರಾಯಿತೇ ಎಂದು ಕೇಳಿಬರಲು ಅಮ್ಮ ಕಳಿಸಿದಳು. ಚಾಚಾನ ಅಂಗಳದಲ್ಲಿ ರಿಪೇರಿಗೆ ಬಂದ ಊರವರ ಗಾದಿಗಳು ರಾಶಿ ಬಿದ್ದಿದ್ದವು. ತಡೆಯಲಾಗಲಿಲ್ಲ. ಓಡಿಬಂದು ಬೆನ್ನು ಕೆಳಗಾಗಿ ಬಿದ್ದೇಬಿಟ್ಟೆ. ಚಾಚಾ ಹೊರಗೆ ಬಂದರು. ಬೈಗುಳ ಗ್ಯಾರಂಟಿ ಅಂದುಕೊಂಡೆ.

"ಆ ಮೂಲೆದು ಭಾಳ ಗಟ್ಟಿ ಐತಿ, ಅದರ ಮ್ಯಾಲೂ ಬೀಳು ಬೇಟಾ," ಅಂದರು. "ನೀ ಬಿದ್ರೆ ಹತ್ತಿ ಸಡ್ಲ ಆಗ್ತದೆ. ನನ್ನ ಕೆಲ್ಸ ಹಗುರ."

ಮರುದಿನ ಹೋದರೆ ಎರಡು ಬಿದಿರು ನೆಟ್ಟು, ಅಡ್ಡಕ್ಕೆ ಗಾದಿ ಹೊಲಿಯುವ ದಾರ ಕಟ್ಟಿಟ್ಟಿದ್ದರು.

ನಮ್ಮಮ್ಮ ಸೊರಬದ ಕಡೆಯವಳು. ಅನುಮಾನ ಅವಳ ಹುಟ್ಟುಗುಣ. ನನಗೂ ಅದೇ ರಕ್ತ. "ಅವ್ರು ಎಂತಕ್ಕೆ ಬಿಡ್ತಾರೆ ಮಾರಾಯ್ತಿ? ಸುಮ್ನೆ ಅಂತೂ ಅಲ್ಲ," ಅಂದವಳೇ ಬಂದು ಚಾಚಾನ ಹೆಂಡತಿ ಚಾಚಿಯ ಪಕ್ಕ ಹೊಸ್ತಿಲ ಮೇಲೆ ಕೂತು ಕಾವಲು ಕಾದಳು. ಏನೂ ಸಿಗದೆ ಚಾಚಿಯ ಕೈಯ ಚಹಾ ಕುಡಿದು ವಾಪಸಾದಳು. ನಾನು ಮಾತ್ರ ಕಂಡುಹಿಡಿದೆ: ಬಿಟ್ಟಿ ಆಳು ಸಿಕ್ಕಿದ್ದಾಳೆಂದು ಇವರು ನನ್ನಿಂದ ಹತ್ತಿ ಬಡಿಸಿಕೊಳ್ಳುತ್ತಿದ್ದಾರೆ. ಇರಲಿ, ನನಗೂ ಗಾದಿ ಬೇಕಿತ್ತು. ಹಾರಿದ್ದು ಚೆನ್ನಾಗಿತ್ತೇ ಎಂದು ಕೇಳಿದರೆ, "ನಾ ಹತ್ತಿ ನೋಡ್ತಿದ್ದೆ," ಅನ್ನುವರು. ಒಂದು ದಿನವಾದರೂ ಹೊಗಳಿದ ಪುಣ್ಯಾತ್ಮರಲ್ಲ.

ಆ ವರ್ಷ ಸೊರಬದಲ್ಲೊಂದು ಕ್ರೀಡಾಕೂಟ ನಡೆಯಿತು. ಅಲ್ಲಿ ನಿಜವಾದ ಫೋಮಿನ ಹಾಸಿಗೆ ಇತ್ತು, ನನಗಿಂತ ಒಂದು ಗೇಣು ಎತ್ತರದ ಹುಡುಗಿಯರಿದ್ದರು. ಶುರುವಿನ ಎತ್ತರವನ್ನೇ ದಾಟದೆ ಹೊರಬಿದ್ದೆ. ಯಾರೋ ಕಿಸಕ್ಕನೆ ನಕ್ಕರು. ಬಸ್ಸು ಶಿರಾಳಕೊಪ್ಪ ದಾಟುವಷ್ಟರಲ್ಲಿ, ಇನ್ನು ಜಿಗಿತದ ಸಹವಾಸವೇ ಬೇಡ ಎಂದು ನಿರ್ಧರಿಸಿಯಾಗಿತ್ತು. ಚಾಚಾನ ಅಂಗಳದ ಕಡೆ ತಲೆ ಹಾಕಲಿಲ್ಲ.

ವಾರ ಕಳೆದ ಮೇಲೆ ಅವರೇ ನಮ್ಮ ಬಾಗಿಲಿಗೆ ಬಂದರು. ಸೋತದ್ದು ಗೊತ್ತಿತ್ತು, ಅದರ ಮಾತೇ ಎತ್ತಲಿಲ್ಲ.

"ಗಾದಿ ಬಂದು ಬಿದ್ದಾವೆ. ಹತ್ತಿ ಕಲ್ಲಾಗೈತಿ. ನೀ ಬರದಿದ್ರೆ ನನ್ನ ಕೆಲ್ಸ ಹೆಂಗೆ ಸಾಗ್ತದೆ?"

ಮೈಯೆಲ್ಲ ಉರಿಯಿತು. ನಾನಿಲ್ಲಿ ಸೋತು ಸುಣ್ಣವಾಗಿದ್ದರೆ ಇವರಿಗೆ ಇವರ ಹತ್ತಿಯ ಚಿಂತೆ. "ನಾನೇನು ನಿಮ್ಮ ಮಷೀನಾ?" ಅಂದೆ. "ಮಷೀನು ಹಿಂಗೆ ಸಿಟ್ಟು ಮಾಡಲ್ಲ," ಅಂದರು. ಹತ್ತಿಯ ಹುಬ್ಬು ಮೇಲೇರಿತು. ಆ ಸಿಟ್ಟಿನಲ್ಲೇ ಹೋಗಿ ಬಿದ್ದೆ. ದಾರ ಹರಿಯಿತು, ಕಟ್ಟಿದರು. ಮತ್ತೆ ಹರಿಯಿತು, ಮತ್ತೆ ಕಟ್ಟಿದರು. ಮನಸ್ಸಿಲ್ಲದ ದಿನವೂ, ಪಾಪ ಮುದುಕರ ಕೆಲಸ ನಿಲ್ಲುತ್ತದಲ್ಲ ಎಂದು ಹೋಗುತ್ತಿದ್ದೆ. ಮುಂದಿನ ವರ್ಷ ಜಿಲ್ಲೆಗೆ ಮೂರನೆಯವಳಾದೆ. ಅದಕ್ಕಿಂತ ಮೇಲೆ ಹೋಗಲಿಲ್ಲ, ಸುಳ್ಳೇಕೆ. ಆದರೆ ಆಟ ಬಿಡಲಿಲ್ಲ. ಈಗ ಸೊರಬದ ಶಾಲೆಯೊಂದರಲ್ಲಿ ಪಿ.ಟಿ. ಮೇಡಂ.

ಹೋದ ಚಳಿಗಾಲ ಚಾಚಾ ತೀರಿಕೊಂಡರು. ಕೆಲವು ದಿನ ಬಿಟ್ಟು ನೋಡಲು ಹೋದೆ. ಚಾಚಿ ಒಳಕೋಣೆಯಲ್ಲಿ, ಅವರು ಅರ್ಧಕ್ಕೆ ಬಿಟ್ಟಿದ್ದ ಗಾದಿಯ ಹತ್ತಿ ಬಿಡಿಸುತ್ತಾ ಕೂತಿದ್ದರು. "ಮೊದಲಾಗಿದ್ದರೆ ನಾನೇ ಬಿದ್ದು ಸಡಿಲ ಮಾಡಿಕೊಡುತ್ತಿದ್ದೆ," ಎಂದು ನಗಿಸಲು ನೋಡಿದೆ.

ಚಾಚಿ ನನ್ನನ್ನೇ ನೋಡಿದರು. "ನೀ ಬಿದ್ದ ಹತ್ತಿ ಒತ್ತಿ ಒತ್ತಿ ರೊಟ್ಟಿ ಆಗಿರ್ತಿತ್ತು. ಹಿಂಜೋ ಮಷೀನಿಗೆ ಹಾಕಿದ್ರೆ ಸಿಕ್ಕೊಳ್ಳೋದು. ನೀ ಹೋದ ಮ್ಯಾಲೆ ನಾವಿಬ್ರೂ ಕುಂತು ಬೆರಳಿಂದ ಬಿಡಿಸ್ತಿದ್ವಿ."

"ಮತ್ತೆ, ಕೆಲಸ ಹಗುರ ಆಗ್ತದೆ ಅಂತಿದ್ರಲ್ಲ?"

"ಆ ಹುಡ್ಗಿ ಅನುಮಾನದ್ದು, ಸುಮ್ನೆ ಬಾ ಅಂದ್ರೆ ಬರಲ್ಲ ಅಂತಿದ್ರು."

ಇವರು ಏನನ್ನೋ ಮುಚ್ಚಿಡುತ್ತಿದ್ದಾರೆ ಎಂಬ ನನ್ನ ಗುಮಾನಿ ಕೊನೆಗೂ ನಿಜವಾಯಿತು. ಅಳು ತಡೆಯಲಾಗಲಿಲ್ಲ. ಚಾಚಿಯ ಎದುರು ಕೂತು ಗಂಟು ಬಿಡಿಸತೊಡಗಿದೆ. ಬೆರಳು ನೋಯುವ ಕೆಲಸ ಅದು. ಹೊರಡುವಾಗ ಚಾಚಿ ನನ್ನ ಹುಬ್ಬಿಗೆ ಅಂಟಿದ್ದ ಹತ್ತಿ ತೆಗೆಯಲು ಕೈ ಎತ್ತಿದರು. ಆಮೇಲೆ ಯಾಕೋ ಹಾಗೇ ಬಿಟ್ಟರು.