ಅಮಾವಾಸ್ಯೆ ಪುಸ್ತಕದ ಹದಿಮೂರು ಹೆಬ್ಬೆಟ್ಟು

೧೯೪೯ರಲ್ಲಿ ನಾನು ಬಳ್ಳಾರಿಯಲ್ಲಿ, ವಿದೇಶಿಯರ ನೋಂದಣಿ ನೋಡಿಕೊಳ್ಳುತ್ತಿದ್ದ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದೆ. ಬಳ್ಳಾರಿ ಆಗಿನ್ನೂ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ನಮ್ಮ ರಿಜಿಸ್ಟರಿನಲ್ಲಿ ಇಪ್ಪತ್ತು ಹೆಸರೂ ಇರಲಿಲ್ಲ. ಕೆಲವರು ಮಿಷನ್ ಆಸ್ಪತ್ರೆಯ ನರ್ಸುಗಳು, ಕೆಲವರು ಇಂಗು ಮಾರುವ ಕಾಬೂಲಿಗಳು, ಒಬ್ಬ ಮಾತ್ರ ಚೀನಾದವನು. ಆ ಒಬ್ಬನಿಗೆ ನಾವು ಮಾಡಿದ್ದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಅವನು ಹಲ್ಲು ಕಟ್ಟುವವನು. ಯುದ್ಧದಲ್ಲಿ ರಂಗೂನ್ ಬಿಟ್ಟು ಓಡಿಬಂದು, ಊರೂರು ಅಲೆದು, ಕೊನೆಗೆ ಸಿರುಗುಪ್ಪದ ಆಚೆ ಹೊಳೆದಂಡೆಯ ಒಂದು ಹಳ್ಳಿಯಲ್ಲಿ ನೆಲೆ ನಿಂತಿದ್ದ. ಹಳ್ಳಿಯ ಹೆಸರು ಬೇಡ. ಅಲ್ಲಿನ ಠಾಣೆಯವರ ಮೊಮ್ಮಕ್ಕಳು ಇದನ್ನು ಓದಿಯಾರು. ಅವನ ನಿಜವಾದ ಹೆಸರು ಯಾರ ಬಾಯಲ್ಲೂ ಹೊರಳದೆ ಜನ ಚೀನಪ್ಪ ಎಂದು ಕರೆಯುತ್ತಿದ್ದರು. ಕುರುಗೋಡಿನ ಗಂಗಮ್ಮನನ್ನು ಮದುವೆಯಾಗಿದ್ದ.

ನಿಯಮ ಸರಳವಾಗಿತ್ತು. ವಿದೇಶಿಯನಿಗೆ ನಾವೊಂದು ನೋಂದಣಿ ಪುಸ್ತಿಕೆ ಕೊಡುತ್ತಿದ್ದೆವು. ಅದರಲ್ಲಿನ ವಾಸದ ಪರವಾನಗಿ ಒಂದು ವರ್ಷದ್ದು. ಗಡುವಿಗೆ ಮುಂಚೆ ಖುದ್ದಾಗಿ ಹಾಜರಾಗಿ ಅದನ್ನು ಮುಂದುವರಿಸಿಕೊಳ್ಳಬೇಕು. ದೂರದವರು ಹತ್ತಿರದ ಠಾಣೆಗೆ ಹೋದರೂ ನಡೆಯುತ್ತಿತ್ತು. ಠಾಣೆಯವರು ಹಾಜರಿ ಫಾರಂ ತುಂಬಿ ನಮಗೆ ಕಳಿಸಬೇಕು. ಆ ವರ್ಷ ಮಾರ್ಚ್ ಕೊನೆಗೆ ಚೀನಪ್ಪನ ಗಡುವು ಮುಗಿಯಿತು. ಫಾರಂ ಬರಲಿಲ್ಲ. ನಾನು ಫೈಲಿನ ಮೇಲೆ ‘ಹಾಜರಾಗಿಲ್ಲ’ ಎಂದು ಬರೆದೆ. ಒಂದು ತಿಂಗಳೊಳಗೆ ದೇಶ ಬಿಡಬೇಕೆಂಬ ನೋಟೀಸಿನ ಡ್ರಾಫ್ಟ್ ಬರೆದವನೂ ನಾನೇ. ಬರೆದು, ಕೈ ತೊಳೆದು, ಊಟಕ್ಕೆ ಹೋದೆ.

ನೋಟೀಸು ಮುಟ್ಟಿದ ವಾರದಲ್ಲಿ ಗಂಗಮ್ಮ ಕಚೇರಿಗೆ ಬಂದಳು. ಐದು ತಿಂಗಳ ಬಸುರಿ. ಗಂಡನ ಪುಸ್ತಿಕೆಯನ್ನು ಕುಬಸದ ಕಣದಲ್ಲಿ, ಹೊಲಿಸದ ರವಿಕೆ ಬಟ್ಟೆಯಲ್ಲಿ, ಸುತ್ತಿ ತಂದಿದ್ದಳು.

“ಗಡುವಿನೊಳಗೆ ನಿನ್ನ ಗಂಡ ಬರಲಿಲ್ಲವಲ್ಲಮ್ಮ” ಎಂದೆ.

“ಎಲ್ಲಿಗೆ ಬರಲಿಲ್ಲರಿ? ಅಮಾಸಿಗೊಮ್ಮಿ ಠಾಣಿಗೆ ಹೋಗಿ ಹೆಬ್ಬೆಟ್ಟು ಒತ್ತಿ ಬರ್ತಾನ. ಕಳ್ಳರ ಸಾಲಿನ್ಯಾಗ ನಿಂತು ಒತ್ತಿ ಬರ್ತಾನ. ಇನ್ನ ಹೆಂಗ ಬರಬೇಕ್ರಿ ಸಾಹೇಬ್ರ?”

ನನಗೆ ಏನೂ ತಿಳಿಯಲಿಲ್ಲ. ವಿದೇಶಿಯರಿಗೂ ಅಮಾವಾಸ್ಯೆಗೂ ಏನು ಸಂಬಂಧ? ಪಕ್ಕದಲ್ಲಿದ್ದ ಹೆಡ್ ಕ್ಲರ್ಕ್, “ಇವೆಲ್ಲ ದಿನಾ ಕೇಳೋ ಕತೆ” ಎಂದು ಮುಖ ತಿರುಗಿಸಿದರು. ಅವಳು ಅವರ ಕಡೆ ನೋಡಲೇ ಇಲ್ಲ. “ಅಂವನ್ನ ಹಡಗ ಹತ್ತಿಸಿದ್ರ ನಾ ಈ ಹೊಟ್ಟಿ ಹೊತ್ಕೊಂಡು ಯಾ ದೇಶಕ್ಕ ಹೋಗ್ಲಿ, ಅದನ್ನೂ ಇದ್ರಾಗ ಬರದು ಕೊಡ್ರಿ” ಎಂದು ಪುಸ್ತಿಕೆಯನ್ನು ನನ್ನ ಮೇಜಿನ ಮೇಲಿಟ್ಟಳು.

ಮರುದಿನ ಬೆಳಿಗ್ಗೆಯೇ ಬಸ್ಸು ಹತ್ತಿದೆ. ಮೋಕ ದಾಟಿ ಸಿರುಗುಪ್ಪ ಸೇರಿ, ಅಲ್ಲಿಂದ ಜಟಕಾದಲ್ಲಿ ಆ ಠಾಣೆಗೆ ಹೋದೆ. ಹೆಡ್ ಕಾನ್‌ಸ್ಟೇಬಲ್ ಒಳ್ಳೆಯ ನಗುವಿನಿಂದ ಸ್ವಾಗತಿಸಿದ. ಚೀನಪ್ಪನ ಹೆಸರೆತ್ತಿದೊಡನೆ ಬೀರುವಿನಿಂದ ಒಂದು ದಪ್ಪ ಪುಸ್ತಕ ತೆಗೆದ. ಅದು ವಿದೇಶಿಯರ ರಿಜಿಸ್ಟರಲ್ಲ. ಊರ ಸುತ್ತಿನ ಹಳೆಯ ಕಳ್ಳರ, ಗುಮಾನಿಯವರ ಹಾಜರಿ ಪುಸ್ತಕ. ಕಳವು ಹೆಚ್ಚಾಗುವುದು ಕತ್ತಲ ದಿನಗಳಲ್ಲೆಂದು, ಪ್ರತಿ ಅಮಾವಾಸ್ಯೆ ಮಧ್ಯಾಹ್ನ ಅವರನ್ನೆಲ್ಲ ಠಾಣೆಯ ಮುಂದೆ ಸಾಲಾಗಿ ನಿಲ್ಲಿಸಿ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಅಲ್ಲಿನ ರೂಢಿ. ಹಿಂದಿನ ವರ್ಷ ಹೊಳೆಯಾಚೆಯ ಹೈದರಾಬಾದ್ ಸಂಸ್ಥಾನದಲ್ಲಿ ಗಲಾಟೆ ಎದ್ದಾಗ, ಪರದೇಶದವನೆಂಬ ಒಂದೇ ಕಾರಣಕ್ಕೆ ಚೀನಪ್ಪನನ್ನೂ ಅದರಲ್ಲಿ ಸೇರಿಸಿದ್ದರು. ಗಲಾಟೆ ಮುಗಿಯಿತು, ಹೆಸರು ಉಳಿಯಿತು.

ಎಣಿಸಿದೆ. ಹದಿಮೂರು ಅಮಾವಾಸ್ಯೆ, ಹದಿಮೂರು ಹೆಬ್ಬೆಟ್ಟು. ಒಂದೂ ತಪ್ಪಿರಲಿಲ್ಲ. ಅವನಿಗೆ ಚೆನ್ನಾಗಿ ಸಹಿ ಮಾಡಲು ಬರುತ್ತಿತ್ತು. ಚೀನೀ ಅಕ್ಷರ ತನಗೆ ಓದಲು ಬಾರದೆಂದು ಈ ಹೆಡ್ ಕಾನ್‌ಸ್ಟೇಬಲ್ಲೇ ಹೆಬ್ಬೆಟ್ಟು ಒತ್ತಿಸಿದ್ದ.

“ಪರವಾನಗಿ ವಿಷಯಕ್ಕೆಂದೇ ಬೇರೆಯಾಗಿ ಬಂದಿದ್ದನೇ?” ಎಂದು ಕೇಳಿದೆ.

“ಫೆಬ್ರವರಿಯಾಗ ಬುಕ್ಕು ಹಿಡ್ಕೊಂಡು ಬಂದಿದ್ದ ನೋಡ್ರಿ. ನಿನ್ನ ಹೆಸರು ನಮ್ಮಲ್ಲಿ ಐತಲ್ಲೋ, ತಿಂಗಳಾ ಬರ್ತಿ, ಮತ್ಯಾಕ ಬ್ಯಾರೆ ಫಾರಮ್ಮು, ಹೋಗು ಅಂದೆ.”

“ಈಗ ಅವನಿಗೆ ದೇಶ ಬಿಡು ಅಂತ ನೋಟೀಸ್ ಬಂದಿದೆ, ಗೊತ್ತೇ?”

“ಗೊತ್ತೈತ್ರಿ. ನಾನಾ ಮುಟ್ಟಿಸಿ ಬಂದೀನಿ” ಎಂದು ಅವನು ಮತ್ತೆ ನಕ್ಕ. “ಪಾಪ, ಕೆಟ್ಟವನಲ್ಲರಿ. ಈ ಮುಂದಿನ ನಾಲ್ಕು ಹಲ್ಲು ಅಂವನಾ ಕಟ್ಟಿದ್ದು.”

ಆ ನಾಲ್ಕು ಹಲ್ಲನ್ನು ಅಲ್ಲಿಯೇ ಉದುರಿಸಬೇಕೆನ್ನಿಸಿತು. ಆದರೆ ನಾನು ಯಾವ ಮುಖ ಹೊತ್ತು ಸಿಟ್ಟಾಗಲಿ? ‘ಹಾಜರಾಗಿಲ್ಲ’ ಎಂದು ಬರೆಯುವ ಮೊದಲು ಠಾಣೆಗೆ ಒಂದು ಸಾಲು ಬರೆದು ಕೇಳಿದವನಲ್ಲ ನಾನು.

ರಸೀದಿ ಬರೆದುಕೊಟ್ಟು ಪುಸ್ತಕವನ್ನು ಬಳ್ಳಾರಿಗೆ ತಂದೆ. ಹೆಡ್ ಕ್ಲರ್ಕ್ ಒಪ್ಪಲಿಲ್ಲ. “ಇದು ಕಳ್ಳರ ಪುಸ್ತಕ. ನಿಗದಿಯಾದ ಫಾರಂ ಎಲ್ಲಿದೆ? ಫಾರಂ ಇಲ್ಲದ ಹಾಜರಿ ಹಾಜರಿಯಲ್ಲ” ಎಂದರು. ಕಳ್ಳನಲ್ಲದವನನ್ನು ಕಳ್ಳರ ಜೊತೆ ನಿಲ್ಲಿಸುವಾಗ ಯಾವ ಫಾರಂ ನೋಡಿದ್ದೆವೆಂದು ನಾನು ಕೇಳಿದೆ. ದನಿ ಏರಿತ್ತೇನೋ, ಒಳಗಿನ ಕೋಣೆಯಲ್ಲಿದ್ದ ನಮ್ಮ ಅಧಿಕಾರಿ ಸಾಹೇಬರು ಇಬ್ಬರನ್ನೂ ಕರೆಸಿದರು. ಹಾಳೆಗಳನ್ನು ಒಂದೊಂದಾಗಿ ತಿರುವಿ ನೋಡಿ, ಹೆಡ್ ಕ್ಲರ್ಕರನ್ನು ಕೇಳಿದ್ದು ಒಂದೇ ಮಾತು: “ಮನುಷ್ಯ ಬಂದಿದ್ದನೋ ಇಲ್ಲವೋ?”

ನೋಟೀಸು ರದ್ದಾಯಿತು, ಪರವಾನಗಿ ಮುಂದುವರಿಯಿತು. ಅಮಾವಾಸ್ಯೆ ಪುಸ್ತಕದಿಂದ ಅವನ ಹೆಸರನ್ನು ಸಾಹೇಬರ ಅಪ್ಪಣೆಯ ಮೇಲೆ ನನ್ನ ಕೈಯಿಂದಲೇ ಕೆಂಪು ಮಸಿಯಲ್ಲಿ ಹೊಡೆದುಹಾಕಿದೆ. ಠಾಣೆಯ ಮೇಲೆ ಯಾವ ಕ್ರಮವೂ ಆಗಲಿಲ್ಲ, ನನ್ನ ಮೇಲೂ ಆಗಲಿಲ್ಲ. ಗಡುವಿನ ಶಿಕ್ಷೆ ಇದ್ದದ್ದು ಅವನೊಬ್ಬನಿಗೆ.

ಆರೇಳು ತಿಂಗಳ ನಂತರ ಬೇರೆ ಕೆಲಸಕ್ಕೆ ಆ ಕಡೆ ಹೋಗಿದ್ದೆ. ಅಂದು ಅಮಾವಾಸ್ಯೆ. ಠಾಣೆಯ ಮುಂದೆ ಎಂದಿನ ಸಾಲು. ಸಾಲಿನ ತುದಿಯಲ್ಲಿ ಚೀನಪ್ಪ ನಿಂತಿದ್ದ. ಸ್ವಲ್ಪ ದೂರದ ಬೇವಿನ ಮರದ ಕೆಳಗೆ ಗಂಗಮ್ಮ ಕೂಸನ್ನೆತ್ತಿಕೊಂಡು ಕಾಯುತ್ತಿದ್ದಳು. ಹೆಡ್ ಕಾನ್‌ಸ್ಟೇಬಲ್ ನನ್ನನ್ನು ಕಂಡು, “ಬ್ಯಾಡಂದ್ರೂ ಕೇಳವಲ್ಲರಿ. ಹೆಸರಿಲ್ಲದಿದ್ರೂ ಹಾಳಿ ಕೆಳತುದಿಗೆ ಹೆಬ್ಬೆಟ್ಟು ಒತ್ತಿ ಹೋಗ್ತಾನ” ಎಂದ.

ನಾನು ಚೀನಪ್ಪನ ಹತ್ತಿರ ಹೋಗಿ, “ನಿನ್ನ ಹೆಸರು ತೆಗೆದಾಗಿದೆ. ನೀನು ಕಳ್ಳನಲ್ಲ. ಇನ್ನು ಇಲ್ಲಿ ನಿಲ್ಲಬೇಡ” ಎಂದೆ.

ಅವನು ಕೈ ಮುಗಿದ. “ಗೊತ್ತೈತ್ರಿ ಸಾಹೇಬ್ರ. ಆದ್ರ ನಿಮ್ಮ ಪುಸ್ತಕದಾಗ ನಾ ಇರಲಿಲ್ಲ, ಇದರಾಗ ಇದ್ದೆ. ನಾಳಿ ಮತ್ತ ಬರಲಿಲ್ಲ ಅಂತ ಬರದ್ರಂದ್ರ, ಬಂದಿದ್ದೆ ಅನ್ನಾಕ ನನಗ ಇದನ್ನ ಬಿಟ್ರ ಮತ್ತೇನೈತಿ?”

ಸಾಲು ಮುಂದೆ ಸರಿಯಿತು. ಅವನೂ ಒಂದು ಹೆಜ್ಜೆ ಮುಂದೆ ಸರಿದು ಹೆಬ್ಬೆರಳನ್ನು ಮಸಿಗೆ ಒತ್ತಿದ.

ಆಮೇಲೆ ಇಪ್ಪತ್ತಾರು ವರ್ಷ ನೌಕರಿ ಮಾಡಿದೆ. ನೂರಾರು ಗಡುವು ನೋಡಿದೆ. ನಮ್ಮ ಬೀರುಗಳನ್ನೂ ಠಾಣೆಯ ಬೀರುಗಳನ್ನೂ ತೆಗೆಸಿ ನೋಡದೆ ಯಾರ ಹೆಸರಿನ ಮುಂದೆಯೂ ‘ಹಾಜರಾಗಿಲ್ಲ’ ಎಂದು ಬರೆಯಲಿಲ್ಲ. ಆ ಬುದ್ಧಿ ಬರಲು, ತಪ್ಪು ಮಾಡದವನೊಬ್ಬ ಕಳ್ಳರ ಸಾಲಿನಲ್ಲಿ ನಿಲ್ಲಬೇಕಾಯಿತು.